ಹಬ್ಬದ ಪುಟದಾಚೆಗೂ ನಾವಿದ್ದೇವೆ

ಮೊನ್ನೆ ರಾತ್ರಿ ಆರು ವರ್ಷದ ಮಗಳನ್ನು ಮಲಗಿಸುವಾಗ ಒಂದು ಚಿತ್ರಪುಸ್ತಕ ತೆಗೆದಿದ್ದೆ. ಶಾಲೆ, ಸಂತೆ, ಬಸ್ಸು, ಗದ್ದೆ ಎಲ್ಲ ಇತ್ತು. ಹಬ್ಬಗಳ ಪುಟದಲ್ಲಿ ಬಿಳಿ ಟೊಪ್ಪಿಯ ಇಬ್ಬರು ತಬ್ಬಿಕೊಂಡಿದ್ದರು. ಮಗಳು ಪುಟಗಳನ್ನು ಹಿಂದೆ ಮುಂದೆ ಮಗುಚಿ ಕೇಳಿದಳು, “ಉಮ್ಮಾ, ಇವ್ರು ಬೇರೆ ದಿನ ಎಲ್ಲಿರ್ತಾರೆ?”

“ಅಂಗಡಿಗೆ ಹೋಗ್ತಾರೆ, ನಿನ್ನ ಉಪ್ಪನ ಹಾಗೆ” ಎಂದೆ.

“ಮತ್ತೆ ಚಿತ್ರದಲ್ಲಿ ಯಾಕಿಲ್ಲ?”

ನನ್ನಲ್ಲಿ ಉತ್ತರವಿರಲಿಲ್ಲ.

ಮುಸ್ಲಿಮರು ಈದ್‌ಗೆ, ಕ್ರೈಸ್ತರು ಕ್ರಿಸ್ಮಸ್‌ಗೆ ಮಾತ್ರ ಕಾಣಿಸಿಕೊಂಡರೆ ಮಗುವಿಗೆ ಅವರು ವೇಷಧಾರಿಗಳೇ ಹೊರತು ನೆರೆಯವರಲ್ಲ. ಲೆಕ್ಕ ತಪ್ಪಿ ಟೀಚರಿಂದ ಬೈಸಿಕೊಳ್ಳುವ, ಮಳೆಯಲ್ಲಿ ಚಪ್ಪಲಿ ಕಳಕೊಳ್ಳುವ ಬ್ಯಾರಿ ಮಗುವೂ ಪುಸ್ತಕದಲ್ಲಿರಬೇಕು. ಅಮೆರಿಕದ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ 1990ರಲ್ಲೇ ಮಕ್ಕಳ ಪುಸ್ತಕಗಳನ್ನು ಕನ್ನಡಿಗೂ ಕಿಟಕಿಗೂ ಹೋಲಿಸಿದ್ದರು. ಮಗು ಅದರಲ್ಲಿ ತನ್ನನ್ನೂ ಕಾಣಬೇಕು, ಇತರರನ್ನೂ ಕಾಣಬೇಕು.

ಕನ್ನಡಿ ಬೇಕೆಂದು ಕೇಳುವ ನಾವು ಕಿಟಕಿ ತೆರೆದಿದ್ದೇವೆಯೇ? ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ನಂದು ನೆರೆಮನೆಯ ಬಾಯಮ್ಮ ಇಗರ್ಜಿಯಿಂದ ಹೊಸ ತೆನೆ ತರುವುದು ಯಾಕೆಂದು ಮಗು ಕೇಳಿದರೆ, “ಅದು ನಮ್ಮದಲ್ಲ, ಸುಮ್ಮನಿರು” ಅಂತೇವೆ. ಅದೂ ಒಂದು ಪಾಠವೇ. ಬೇರೆಯವರ ಬಗ್ಗೆ ಕೇಳುವುದೇ ತಪ್ಪು ಅಂತ ಮಗು ಕಲಿತುಬಿಡುತ್ತದೆ. ನಾವು ಖಾಲಿ ಬಿಟ್ಟ ಜಾಗವನ್ನು ನಾಳೆ ಮೊಬೈಲಿನ ದ್ವೇಷದ ವೀಡಿಯೊ ತುಂಬುತ್ತದೆ. ನೆರೆಯವರ ಹಬ್ಬವನ್ನು ತಿಳಿದುಕೊಂಡ ಮಾತ್ರಕ್ಕೆ ಯಾರ ಈಮಾನೂ ಕರಗುವುದಿಲ್ಲ.

ಒಳ್ಳೆಯ ಪುಸ್ತಕಗಳಿಲ್ಲ ಎನ್ನುವಂತಿಲ್ಲ. ನೀನಾ ಸಬ್ನಾನಿಯವರ ‘ಮುಕಂದ್ ಆ್ಯಂಡ್ ರಿಯಾಝ್’ ನೋಡಿ. ದೇಶವಿಭಜನೆಯ ಕಾಲದಲ್ಲಿ ಕರಾಚಿಯ ಇಬ್ಬರು ಹುಡುಗರು ಅಗಲಬೇಕಾದ ಕತೆ, ಲೇಖಕಿಯ ತಂದೆಯ ನೆನಪಿನಿಂದ ಹುಟ್ಟಿದ್ದು. ಬಟ್ಟೆ ತುಂಡುಗಳನ್ನು ಜೋಡಿಸಿ ಹೊಲಿದಂಥ ಚಿತ್ರಗಳು. ಅಲ್ಲಿ ಮಗುವಿನ ಕಣ್ಣಿಗೆ ಮೊದಲು ಬೀಳುವುದು ಧರ್ಮವಲ್ಲ, ದೋಸ್ತಿ. ‘ಎಲ್ಲರನ್ನೂ ಗೌರವಿಸು’ ಎಂದು ನೂರು ಸಲ ಹೇಳುವುದಕ್ಕಿಂತ ಇಂಥದ್ದೊಂದು ಕತೆ ಸಾಕು.

ದುಡ್ಡಿನ ನೆಪವೂ ಬೇಡ. ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕತೆಗಳು ಉಚಿತ. ಮೊಬೈಲಿನಲ್ಲೇ ಓದಿ ಹೇಳಬಹುದು. ಪುಸ್ತಕದ ಕತೆಯನ್ನು ಮನೆಯ ಬ್ಯಾರಿ ಭಾಷೆಯಲ್ಲಿ ಹೇಳಲು ಯಾರ ಅನುಮತಿಯೂ ಬೇಡ. 2009ರಲ್ಲಿ ಸ್ಥಾಪನೆಯಾದ ನಮ್ಮ ಸಾಹಿತ್ಯ ಅಕಾಡೆಮಿಯೂ ಪುಟ್ಟ ಮಕ್ಕಳ ಚಿತ್ರಪುಸ್ತಕಗಳಿಗೆ ಹೆಚ್ಚು ಗಮನ ಕೊಡಲಿ. ನಮ್ಮಲ್ಲಿ ಬರೆಯುವವರಿದ್ದಾರೆ, ಚಿತ್ರ ಬಿಡಿಸುವ ಹೆಣ್ಣುಮಕ್ಕಳೂ ಇದ್ದಾರೆ.

ಮದುವೆ, ಹುಟ್ಟುಹಬ್ಬಕ್ಕೆ ಆಟಿಕೆಗೆ ಸುರಿಯುವ ಹಣದಲ್ಲಿ ಈ ಸಲ ಎರಡು ಪುಸ್ತಕ ತನ್ನಿ. ಒಂದರಲ್ಲಿ ನಿಮ್ಮ ಮನೆಯಂಥ ಮನೆ ಇರಲಿ, ಇನ್ನೊಂದರಲ್ಲಿ ನೆರೆಯವರ ಮನೆ. ಓದುವಾಗ ಮಗು ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿಸಬೇಡಿ. ಗೊತ್ತಿಲ್ಲದಿದ್ದರೆ ಬಾಯಮ್ಮನನ್ನೇ ಕೇಳೋಣ ಅಂತ ಕೈಹಿಡಿದು ಕರಕೊಂಡು ಹೋಗಿ.