ಹುಡುಗಿಯರ ಸಿನಿಮಾ ಎಂದು ನಗುವವರಿಗೆ

ರಾಮಕುಂಜದ ನಮ್ಮ ಮನೆಗೆ ರಜೆಗೆ ಬಂದ ಅಕ್ಕನ ಮಗಳು 'ನ್ಯೂ ಮೂನ್' ನೋಡುತ್ತಿದ್ದಳು. 'ಟ್ವೈಲೈಟ್' ಚಿತ್ರದ ಎರಡನೆಯ ಭಾಗ, 2009ರದ್ದು. ಭಾವ ಇಣುಕಿ, "ರಕ್ತ ಕುಡಿಯುವವನ ಜೊತೆ ಪ್ರೀತಿಯಂತೆ!" ಎಂದು ನಕ್ಕರು. ಇದೇ ಭಾವ ಕಾರ್ನಾಡರ 'ನಾಗಮಂಡಲ'ವನ್ನು ಬಾಯಿತುಂಬ ಹೊಗಳುತ್ತಾರೆ. ಅಲ್ಲಿ ರಾತ್ರಿ ಗಂಡನ ರೂಪದಲ್ಲಿ ರಾಣಿಯ ಬಳಿಗೆ ಬರುವುದು ಹಾವಲ್ಲವೇ? ಹಾವಾದರೆ ಕಲೆ, ರಕ್ತಪಿಶಾಚಿಯಾದರೆ ಹುಚ್ಚೇ?

ನಾನೂ ಪಕ್ಕದಲ್ಲಿ ಕುಳಿತೆ. ಎಡ್ವರ್ಡ್ ಬಿಟ್ಟುಹೋದ ಮೇಲೆ ಬೆಲ್ಲಾ ಕಿಟಕಿಯ ಬಳಿ ಕುರ್ಚಿಯಲ್ಲಿ ಕುಳಿತೇ ಇರುತ್ತಾಳೆ. ಹೊರಗೆ ಅಕ್ಟೋಬರ್, ನವೆಂಬರ್, ಡಿಸೆಂಬರ್ ಸರಿಯುತ್ತವೆ. ಹದಿನೆಂಟರ ಹುಡುಗಿಯ ದುಃಖಕ್ಕೆ ಮೂರು ತಿಂಗಳು ಕೊಟ್ಟವರು ಯಾರಿದ್ದಾರೆ? ನಮಗೆ ಮೂರು ದಿನವೂ ಸಿಗಲಿಲ್ಲ. "ಏಳು, ದನಕ್ಕೆ ಹುಲ್ಲು ಹಾಕು" ಅಂದರು. ಹುಡುಗಿಯರು ಮತ್ತೆ ಮತ್ತೆ ನೋಡುವುದು ಆ ಕುರ್ಚಿಗಾಗಿ, ಅವನ ಬಿಳಿ ಮುಖಕ್ಕಲ್ಲ. (ಮುಖವೂ ಇರಲಿ, ಬಿಡಿ.)

ನನ್ನ ಜಗಳವೇ ಬೇರೆ. "ನಿನ್ನ ಒಳ್ಳೆಯದಕ್ಕೆ" ಎಂದು ಅವನೊಬ್ಬನೇ ತೀರ್ಮಾನಿಸಿ ಹೋಗುತ್ತಾನೆ. ಅಪಾಯದಲ್ಲಿದ್ದಾಗ ಅವನ ಛಾಯೆ ಕಾಣುತ್ತದೆಂದು ಅವಳು ಬಂಡೆಯಿಂದ ಸಮುದ್ರಕ್ಕೆ ಹಾರುತ್ತಾಳೆ. ಚಿತ್ರ ಅದನ್ನು ಪ್ರೀತಿ ಎನ್ನುತ್ತದೆ. ಭಾವ ಸಿಟ್ಟಾಗಬೇಕಾದದ್ದು ಇದಕ್ಕೆ. ಆಗುವುದಿಲ್ಲ, ಹೆಣ್ಣಿನ ಪರವಾಗಿ ತಾನೇ ತೀರ್ಮಾನಿಸುವ ಗಂಡಸು ಅವರಿಗೆ ಪಿಶಾಚಿಯಷ್ಟು ವಿಚಿತ್ರವಾಗಿ ಕಾಣುವುದಿಲ್ಲ.

"ಅವಳು ಹಾರಿದ್ದು ಸರಿಯಾ?" ಎಂದು ನಾನೇ ಕೇಳಿದೆ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಸರಿಯಲ್ಲ ಚಿಕ್ಕಮ್ಮ. ಆದರೆ ಅವಳ ಮನೆಯಲ್ಲಿ ಇದ್ದದ್ದು ಅಪ್ಪ ಒಬ್ಬರೇ. ಅಪ್ಪನ ಹತ್ತಿರ ಇದನ್ನೆಲ್ಲ ಹೇಳುವುದು ಹೇಗೆ?"

ಭಾವ ಆಗ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು.