ಗದ್ದೆಯ ಸೊಳ್ಳೆಗೆ ಬೇವಿನ ಹಿಂಡಿ



ಮಂಡ್ಯದ ನಾಲಾ ಬಯಲಿನ ಭತ್ತದ ಗದ್ದೆಗಳಲ್ಲಿ ನಿಂತ ನೀರೇ ಮಿದುಳು ಜ್ವರವನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆಗಳಿಗೆ ಜನ್ಮಸ್ಥಾನವಾಗಿರುವಾಗ, ಸಾಯಂಕಾಲ ಊರಬೀದಿಯಲ್ಲಿ ಔಷಧದ ಹೊಗೆಯಾಡಿಸಿ ಕರ್ತವ್ಯ ಮುಗಿಯಿತೆಂದು ಭಾವಿಸುವುದು ಸಮಂಜಸವಲ್ಲ; ಮರಿಗಳನ್ನು ಗದ್ದೆಯಲ್ಲೇ ತಡೆಯಬೇಕು. ಬೇವಿನ ಬೀಜದಿಂದ 1968ರಲ್ಲಿ ಪ್ರಥಮತಃ ಬೇರ್ಪಡಿಸಲ್ಪಟ್ಟ ಅಜಾಡಿರಾಕ್ಟಿನ್ ಎಂಬ ದ್ರವ್ಯವು, ಸೊಳ್ಳೆಯ ಮರಿ ಪೊರೆ ಕಳಚಿ ಬೆಳೆಯುವ ಕ್ರಮಕ್ಕೇ ಭಂಗ ತಂದು, ರೆಕ್ಕೆ ಮೂಡುವುದಕ್ಕೆ ಮುನ್ನವೇ ಅದನ್ನು ನಾಶಗೊಳಿಸುತ್ತದೆ. ಬಿಸಿಲಿಗೆ ಬೇಗನೆ ಸತ್ತ್ವ ಕಳೆದುಕೊಳ್ಳುವುದು ಇದರ ದೌರ್ಬಲ್ಯ. ಒಮ್ಮೆ ಹಾಕಿದರೆ ಸಾಲದು. ಆದರೂ ಈ ದ್ರವ್ಯವುಳ್ಳ ಬೇವಿನ ಹಿಂಡಿಯನ್ನು ಯೂರಿಯಾದೊಡನೆ ಬೆರೆಸುವ ಪದ್ಧತಿ ನಮ್ಮ ರೈತರಿಗೆ ಅಪರಿಚಿತವಲ್ಲ. ತಮಿಳುನಾಡಿನ ಗದ್ದೆಗಳಲ್ಲಿ ಈ ಮಿಶ್ರಣವು ಕ್ಯೂಲೆಕ್ಸ್ ಮರಿಗಳನ್ನು ತಗ್ಗಿಸಿದುದು ಪ್ರಯೋಗಸಿದ್ಧವಾದ ಸಂಗತಿ. ಆರೋಗ್ಯ ಇಲಾಖೆಯೂ ಕೃಷಿ ಇಲಾಖೆಯೂ ಕೂಡಿ, ನಾಟಿಯ ಕಾಲಕ್ಕೆ ಸರಿಯಾಗಿ ಹಿಂಡಿಯನ್ನು ರಿಯಾಯಿತಿ ದರದಲ್ಲಿ ಒದಗಿಸಬೇಕೆಂದು ವಿನಯಪೂರ್ವಕ ಪ್ರಾರ್ಥಿಸುತ್ತೇನೆ.

— ಓರ್ವ ಓದುಗ, ಮಂಡ್ಯ