ಮುದಿ ಬಸ್ಸು ನಿಂತ ಮರುದಿನ

ಆಂಧ್ರದ ನಿಯಮದಂತೆ ಶಾಲಾ ಬಸ್ಸಿನ ಆಯುಷ್ಯ 15 ವರ್ಷ. ಕೇಂದ್ರದ ನಿಯಮದಂತೆ 8 ವರ್ಷ ದಾಟಿದ ಬಸ್ಸಿಗೆ ಪ್ರತಿವರ್ಷ ಫಿಟ್‌ನೆಸ್ ಪರೀಕ್ಷೆ. ತುಕ್ಕು ಹಿಡಿದ ತಳ, ಸವೆದ ಬ್ರೇಕು ಮಕ್ಕಳ ಪ್ರಾಣಕ್ಕೇ ಸಂಚಕಾರ. ಆದುದರಿಂದ ಈ ಕಟ್ಟಳೆಗೆ ಯಾರ ಆಕ್ಷೇಪವೂ ಸಲ್ಲದು.

ಆದರೆ ಮುದಿ ಬಸ್ಸು ನಿಂತ ಮರುದಿನ ಏನು ಗತಿ? 1953ರಲ್ಲಿ ಆಂಧ್ರಕ್ಕೆ ಸೇರಿದ ರಾಯದುರ್ಗ ಸೀಮೆಯ ಡಿ. ಹಿರೇಹಾಳಿನ ಕನ್ನಡಿಗರಿಗೂ, 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ನಮಗೂ ಪ್ರಶ್ನೆ ಒಂದೇ. ರಾಜ್ಯಭಾಷೆಯ ಶಾಲೆ ಮನೆಯ ಹತ್ತಿರ. ಕನ್ನಡ ಶಾಲೆ ಹಲವರಿಗೆ ದೂರ. ಬಸ್ಸಿಲ್ಲವಾದರೆ ಮಗು ಅಲ್ಲಿ ತೆಲುಗು, ಇಲ್ಲಿ ಮಲಯಾಳ ತರಗತಿಗೆ ಸೇರುತ್ತದೆ. ಮಕ್ಕಳ ಸಂಖ್ಯೆ ಇಳಿದರೆ ಅಧ್ಯಾಪಕರ ಹುದ್ದೆಗೂ ಕುತ್ತು.

ಆದುದರಿಂದ ಬಸ್ಸಿಗೆ 12 ತುಂಬುವಾಗಲೇ ಹೊಸದರ ಹಣಕ್ಕೆ ಆಡಳಿತ ಮಂಡಳಿ, ರಕ್ಷಕರು ಸೇರಿ ದಾರಿ ಹುಡುಕಲಿ. ಭಾಷಾ ಅಲ್ಪಸಂಖ್ಯಾತರ ಶಾಲೆಗಳಿಗೆ ಸರಕಾರವೂ ನೆರವಾಗಲಿ.